ನಾಲ್ಕು ಸಾದಾ ಹಾರ್ಡ್ ಡಿಸ್ಕ್, ಒಂದು ರೇಡ್, ಕೊಡಗಿನ ಒಂದು ಮಳೆಗಾಲ

ಮೊದಲು ಈಗಿನ ಸ್ಥಿತಿ ಹೇಳಿಬಿಡುತ್ತೇನೆ. ಇವತ್ತು 2024ರ ಆಗಸ್ಟ್ 25. ಸ್ಟುಡಿಯೋದ ವೀಡಿಯೊಗಳನ್ನು ಇಡಲು ನಾನೇ ಕಟ್ಟಿದ ಸರ್ವರ್ ನಡೆಯುತ್ತಿದೆ. ನಾಲ್ಕೂ ಡಿಸ್ಕ್ ಸರಿಯಾಗಿವೆ. ಆದರೆ ಫೆಬ್ರವರಿಯಲ್ಲಿ ಹಾಕಿದ ನಾಲ್ಕರಲ್ಲಿ ಒಳಗೆ ಉಳಿದಿರುವುದು ಒಂದೇ. ಮಿಕ್ಕ ಮೂರು ಹೇಗೆ ಹೊರಗೆ ಬಂದವು, ಅದರಲ್ಲಿ ಡಿಸ್ಕಿನ ತಪ್ಪೆಷ್ಟು, ನನ್ನ ತಪ್ಪೆಷ್ಟು ಎಂದು ಬರೆದಿಡುತ್ತಿದ್ದೇನೆ. ಕಡಿಮೆ ದುಡ್ಡಿನಲ್ಲಿ ಸರ್ವರ್ ಕಟ್ಟಲು ಹೊರಟವರು ಯಾರಾದರೂ ಇದ್ದರೆ ಮೇ ಮತ್ತು ಜುಲೈ ಭಾಗವನ್ನಾದರೂ ಓದಿ.

ಗೋಣಿಕೊಪ್ಪದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಮದುವೆ, ನಾಮಕರಣ, ಬೇಸಿಗೆಯಲ್ಲಿ ಹಾಕಿ ಹಬ್ಬ, ದಸರಾಕ್ಕೆ ಮಡಿಕೇರಿಯ ದಶಮಂಟಪ. ಎರಡು ಕ್ಯಾಮೆರಾ, ಒಂದು ಡ್ರೋನ್, ಎಲ್ಲ 4ಕೆ. ಒಂದು ಮದುವೆಗೆ 350ರಿಂದ 500 ಜಿಬಿ ಬರುತ್ತದೆ. ಎಡಿಟ್ ಮುಗಿದ ಮೇಲೆ ಅರ್ಧಕ್ಕಿಂತ ಜಾಸ್ತಿ ಅಳಿಸುತ್ತೇನೆ, ಆದರೂ ಬೀರುವಿನಲ್ಲಿ 13 ಎಕ್ಸ್‌ಟರ್ನಲ್ ಡ್ರೈವ್ ಸೇರಿದ್ದವು. ಕಳೆದ ಡಿಸೆಂಬರ್‌ನಲ್ಲಿ ಅದರಲ್ಲೊಂದು ಟಕ್ ಟಕ್ ಎಂದು ಸದ್ದು ಮಾಡಿ ನಿಂತೇ ಹೋಯಿತು. ಅದರಲ್ಲಿ 2018ರ ಆಗಸ್ಟ್‌ನ ಭೂಕುಸಿತಕ್ಕೆ ಮುಂಚೆ ಮಕ್ಕಂದೂರು ಕಡೆ ತೆಗೆದ ಒಂದು ಮದುವೆ ಇತ್ತು. ಆ ಮನೆ ಈಗಿಲ್ಲ. ಆ ಅಂಗಳ ಇದ್ದದ್ದು ಆ ವೀಡಿಯೊದಲ್ಲಿ ಮಾತ್ರ. ಅವರಿಗೆ ಕೊಟ್ಟ ಪೆನ್‌ಡ್ರೈವ್ ಇದೆಯಾ ಎಂದು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಅದಕ್ಕೆ ಸರ್ವರ್.

1. ಫೆಬ್ರವರಿ 11: ಸಾಮಾನು

ನಾಲ್ಕು ಡಿಸ್ಕ್ ಹಿಡಿಯುವ ರೆಡಿಮೇಡ್ ನ್ಯಾಸ್ ಬಾಕ್ಸು (ನೆಟ್‌ವರ್ಕ್‌ಗೆ ಸಿಕ್ಕಿಸಿ ಬಳಸುವ ಸ್ಟೋರೇಜ್), ಅದಕ್ಕೆ ನ್ಯಾಸ್‌ಗೆಂದೇ ಮಾರುವ ನಾಲ್ಕು ಡಿಸ್ಕು, ಎಲ್ಲ ಸೇರಿ 80 ಸಾವಿರ ದಾಟುತ್ತಿತ್ತು. ನನ್ನ ಹತ್ತಿರ 45 ಇತ್ತು. ಹೀಗೆ ಹೊಂದಿಸಿದೆ:

ಮುಚ್ಚಿದ ಸೈಬರ್ ಸೆಂಟರ್‌ನಿಂದ ಅಸೆಂಬಲ್ಡ್ ಟವರ್, ನಾಲ್ಕನೇ ಜನರೇಷನ್ ಐ5, 8 ಜಿಬಿ ರ‍್ಯಾಮ್: ₹6,500
4 ಟಿಬಿ ಸಾದಾ ಡೆಸ್ಕ್‌ಟಾಪ್ ಡಿಸ್ಕ್ ನಾಲ್ಕು, ಒಂದಕ್ಕೆ ₹8,200: ₹32,800
ಹೊಸ 450 ವ್ಯಾಟ್ ಪವರ್ ಸಪ್ಲೈ: ₹2,400
ಆಪರೇಟಿಂಗ್ ಸಿಸ್ಟಮ್‌ಗೆ 120 ಜಿಬಿ ಎಸ್‌ಎಸ್‌ಡಿ: ₹1,100
ಅದಕ್ಕೆ ಯುಎಸ್‌ಬಿ ಕೇಸ್: ₹450
ಗಿಗಾಬಿಟ್ ಸ್ವಿಚ್: ₹1,300
ಸಾಟಾ ಕೇಬಲ್, ಸ್ಕ್ರೂ, ಇತರೆ: ₹600
ಒಟ್ಟು ₹45,150.

ಮದರ್‌ಬೋರ್ಡಿನಲ್ಲಿ ಡಿಸ್ಕ್ ಸಿಕ್ಕಿಸುವ ಸಾಟಾ ಪೋರ್ಟ್ ನಾಲ್ಕೇ. ನಾಲ್ಕನ್ನೂ ಡಿಸ್ಕಿಗೆ ಕೊಟ್ಟು ಎಸ್‌ಎಸ್‌ಡಿಯನ್ನು ಯುಎಸ್‌ಬಿಗೆ ಹಾಕಿದೆ. ಅದು ಇವತ್ತಿನವರೆಗೂ ತೊಂದರೆ ಕೊಟ್ಟಿಲ್ಲ. ಪವರ್ ಸಪ್ಲೈ ಮಾತ್ರ ಹಳೆಯದನ್ನು ಇಟ್ಟುಕೊಳ್ಳಲಿಲ್ಲ. ಸೈಬರ್ ಸೆಂಟರ್‌ನಲ್ಲಿ ಹತ್ತು ವರ್ಷ ಧೂಳು ಕುಡಿದ ಸಪ್ಲೈಗೆ ನಾಲ್ಕು ಡಿಸ್ಕ್ ನೇತುಹಾಕಲು ಮನಸ್ಸು ಬರಲಿಲ್ಲ. ಈ ಇಡೀ ಕಥೆಯಲ್ಲಿ ನಾನು ಮೊದಲ ಸಲಕ್ಕೇ ಸರಿ ಮಾಡಿದ್ದು ಇದೊಂದೇ.

ಡಿಸ್ಕ್‌ಗಳಲ್ಲಿ ಮೂರನ್ನು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದೇ ಅಂಗಡಿಯಲ್ಲಿ ತಂದೆ. ನಾಲ್ಕನೆಯದು ಅಲ್ಲಿ ಸ್ಟಾಕ್ ಇರಲಿಲ್ಲ, ಆನ್‌ಲೈನ್‌ನಲ್ಲಿ ತರಿಸಿದೆ. ಅದೇ ಕಂಪನಿ, ಅದೇ ಬಣ್ಣ, ಅದೇ 4 ಟಿಬಿ. ಮಾಡೆಲ್ ನಂಬರಿನ ಕೊನೆಯ ಅಕ್ಷರಗಳು ಮಾತ್ರ ಬೇರೆ. ಮೂರರಲ್ಲಿ ಕ್ಯಾಶ್, ಅಂದರೆ ಡಿಸ್ಕಿನೊಳಗಿನ ತಾತ್ಕಾಲಿಕ ಮೆಮೊರಿ, 64 ಎಂಬಿ, ಇದರಲ್ಲಿ 256. ಅದೇ ರೇಟಿಗೆ ಕ್ಯಾಶ್ ಜಾಸ್ತಿ ಸಿಕ್ಕಿತು ಎಂದು ಖುಷಿಪಟ್ಟೆ. ತಪ್ಪು ನಂಬರ್ ಒಂದು. ಇದರ ಲೆಕ್ಕ ಮುಂದೆ ಬರುತ್ತದೆ.

2. ಫೆಬ್ರವರಿ 12ರಿಂದ 18: ಕಟ್ಟಿದ್ದು, ತುಂಬಿಸಿದ್ದು

ಸರ್ವರ್ ನಡೆಸಲು ಓಪನ್ ಮೀಡಿಯಾ ವಾಲ್ಟ್ ಎಂಬ ಸಾಫ್ಟ್‌ವೇರ್ ಹಾಕಿದೆ. ಒಳಗಿರುವುದು ಡೆಬಿಯನ್ ಲಿನಕ್ಸ್. ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದೇ ಡಿಸ್ಕಿನ ಹಾಗೆ ನಡೆಸುವುದಕ್ಕೆ ರೇಡ್ ಎನ್ನುತ್ತಾರೆ, ಅದನ್ನು ನೋಡಿಕೊಳ್ಳುವುದು ಲಿನಕ್ಸಿನ ಎಂಡಿ-ಆಡಮ್ ಎಂಬ ಟೂಲ್. ರೇಡ್ 5 ಮಾಡಿದೆ. ನಾಲ್ಕು ಡಿಸ್ಕಿನಲ್ಲಿ ಒಂದರಷ್ಟು ಜಾಗ ಪ್ಯಾರಿಟಿಗೆ (ಒಂದು ಡಿಸ್ಕ್ ಹೋದರೆ ಅದರ ಡೇಟಾವನ್ನು ಲೆಕ್ಕ ಹಾಕಿ ತೆಗೆಯಲು ಬೇಕಾದ ಮಾಹಿತಿ) ಹೋಗಿ 12 ಟಿಬಿ ಉಳಿಯಿತು. ಪರದೆಯ ಮೇಲೆ 10.9 ಎಂದು ತೋರಿಸುತ್ತದೆ. ಅದು 1,024ರ ಲೆಕ್ಕ, ಜಾಗ ಕಳೆದುಹೋಗಿಲ್ಲ.

ಪ್ಯಾರಿಟಿ ಹೊಂದಿಸುವ ಮೊದಲ ಸಿಂಕ್ 9 ಗಂಟೆ 20 ನಿಮಿಷ ತೆಗೆದುಕೊಂಡಿತು. ಸೆಕೆಂಡಿಗೆ ಸುಮಾರು 119 ಎಂಬಿ. ಬಹಳ ಚೆನ್ನಾಗಿದೆ ಅನ್ನಿಸಿತು.

ಆಮೇಲೆ ಹಳೆಯ ಡ್ರೈವ್‌ಗಳಿಂದ ಕಾಪಿ ಶುರು. ಒಟ್ಟು 6.2 ಟಿಬಿ. ಗಿಗಾಬಿಟ್ ವೇಗದಲ್ಲಿ 17-18 ಗಂಟೆಯ ಕೆಲಸ. ಮೊದಲ ಗಂಟೆ 105 ಎಂಬಿಯಲ್ಲಿ ಓಡಿತು. ಆಮೇಲೆ 60. ಆಮೇಲೆ 18. ನಡುವೆ ಪೂರ್ತಿ ನಿಲ್ಲುವುದು, ಒಂದು ನಿಮಿಷ ಬಿಟ್ಟು ಮತ್ತೆ ಓಡುವುದು. ಕೊನೆಗೆ ನಾಲ್ಕು ದಿನ ಹಿಡಿಯಿತು.

ನಾನು ಏನೇನು ಬದಲಿಸಿದೆ ನೋಡಿ: ನೆಟ್‌ವರ್ಕ್ ಕೇಬಲ್, ಸ್ವಿಚ್ಚಿನ ಪೋರ್ಟ್, ಎಡಿಟಿಂಗ್ ಪಿಸಿಯ ಡ್ರೈವರ್, ಕೊನೆಗೆ ಹೊಸ ಸ್ವಿಚ್ಚನ್ನೇ ಅಂಗಡಿಗೆ ವಾಪಸ್ ಕೊಟ್ಟು ಇನ್ನೊಂದು ತಂದೆ. ಸ್ವಿಚ್ ಬದಲಿಸಿಕೊಟ್ಟ ಅಂಗಡಿಯವರಿಗೆ ಈಗ ಕ್ಷಮೆ ಕೇಳಬೇಕು. ಡಿಸ್ಕ್‌ಗಳ ಕಡೆ ತಿರುಗಿಯೂ ನೋಡಲಿಲ್ಲ. ಸಿಂಕ್ ಅಷ್ಟು ಬೇಗ ಮುಗಿದಿತ್ತಲ್ಲ!

ಕಾರಣ ನಾಲ್ಕನೇ ಡಿಸ್ಕ್. ಅದು ಎಸ್‌ಎಂಆರ್. ಹೆಂಚಿನ ಮನೆಯವರಿಗೆ ಇದನ್ನು ವಿವರಿಸುವುದು ಸುಲಭ. ಎಸ್‌ಎಂಆರ್ ಡಿಸ್ಕಿನಲ್ಲಿ ಬರೆಯುವ ಸಾಲುಗಳು ಹೆಂಚಿನ ಹಾಗೆ ಒಂದರ ಮೇಲೊಂದು ಅರ್ಧ ಹೊದ್ದುಕೊಂಡಿರುತ್ತವೆ. ಸಾಲಾಗಿ ಹೊದಿಸಿಕೊಂಡು ಹೋದರೆ ಬೇಗ ಆಗುತ್ತದೆ. ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಅದರ ಮೇಲಿನವನ್ನೆಲ್ಲ ಎತ್ತಿ ಮತ್ತೆ ಜೋಡಿಸಬೇಕು. ಮೊದಲ ಸಿಂಕ್ ಆದಿಯಿಂದ ಅಂತ್ಯದವರೆಗೆ ಒಂದೇ ಸಾಲಿನ ಬರಹ, ಅದಕ್ಕೇ ಓಡಿತು. ಫೈಲ್ ಕಾಪಿ ಹಾಗಲ್ಲ, ಡೇಟಾ ಒಂದು ಕಡೆ, ಪ್ಯಾರಿಟಿ ಇನ್ನೊಂದು ಕಡೆ, ಫೈಲ್ ಪಟ್ಟಿ ಮತ್ತೊಂದು ಕಡೆ. ಡಿಸ್ಕ್ ಸ್ವಲ್ಪ ಹೊತ್ತು ತನ್ನ ಕ್ಯಾಶ್ ಜಾಗದಲ್ಲಿ ಇಟ್ಟುಕೊಂಡು ಸಂಭಾಳಿಸುತ್ತದೆ. ಅದು ತುಂಬಿದ ಮೇಲೆ ಕೈಚೆಲ್ಲುತ್ತದೆ. ರೇಡ್‌ನಲ್ಲಿ ಒಂದು ಡಿಸ್ಕ್ ಕುಂಟಿದರೆ ಮಿಕ್ಕ ಮೂರೂ ಅದಕ್ಕಾಗಿ ಕಾಯಬೇಕು.

ಈ ಮಾಹಿತಿ ಡಬ್ಬದ ಮೇಲೆ ಇರಲಿಲ್ಲ. ನ್ಯಾಸ್ ಎಂದು ಹೆಸರಿಟ್ಟು ಮಾರಿದ ಕೆಲವು ಡಿಸ್ಕ್‌ಗಳಲ್ಲೂ ಇದೇ ತಂತ್ರ ಸುಮ್ನೆ ಸೇರಿಕೊಂಡಿದ್ದು 2020ರಲ್ಲಿ ಹೊರಗೆ ಬಂತು. ಆಮೇಲೆ ಕಂಪನಿಗಳು ಯಾವ ಮಾಡೆಲ್ ಯಾವುದು ಎಂಬ ಪಟ್ಟಿ ಹಾಕಿದವು. ಹಾಗಾಗಿ ಕೊಳ್ಳುವ ಮುಂಚೆ ಮಾಡೆಲ್ ನಂಬರನ್ನು ಕೊನೆಯ ಅಕ್ಷರದವರೆಗೂ ಆ ಪಟ್ಟಿಯಲ್ಲಿ ನೋಡಿ. ಹಳೆಯ ಮಾಡೆಲ್‌ನಲ್ಲಿ 64 ಇದ್ದ ಕ್ಯಾಶ್ ಹೊಸದರಲ್ಲಿ ಏಕಾಏಕಿ 256 ಆಗಿದ್ದರೆ ಅನುಮಾನಪಡಿ. ಇನ್ನೊಂದು ಗುರುತು: ತಿರುಗುವ ಹಾರ್ಡ್ ಡಿಸ್ಕ್ ತನಗೆ ಟ್ರಿಮ್ (ಅಳಿಸಿದ ಜಾಗ ಯಾವುದೆಂದು ತಿಳಿಸುವ, ಸಾಮಾನ್ಯವಾಗಿ ಎಸ್‌ಎಸ್‌ಡಿಗಳಲ್ಲಿ ಇರುವ ಕಮಾಂಡ್) ಬರುತ್ತದೆ ಎಂದು ಹೇಳಿಕೊಂಡರೆ ಅದು ಎಸ್‌ಎಂಆರ್. ಹೇಳಿಕೊಳ್ಳದಿದ್ದರೆ ಅಲ್ಲ ಎಂದು ಮಾತ್ರ ನಂಬಬೇಡಿ.

ಇದೆಲ್ಲ ನನಗೆ ತಿಳಿದದ್ದು ಜುಲೈನಲ್ಲಿ. ಫೆಬ್ರವರಿಯಲ್ಲಿ ನಾನು ಸ್ವಿಚ್ಚನ್ನು ಬೈಯುತ್ತಿದ್ದೆ.

3. ಮಾರ್ಚ್, ಏಪ್ರಿಲ್: ಸಣ್ಣಪುಟ್ಟ ರಿಪೇರಿ

ಬಿಸಿ. ಹಳೆಯ ಟವರಿನಲ್ಲಿ ಡಿಸ್ಕ್‌ಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ. ನಡುವಿನ ಎರಡು 48 ಡಿಗ್ರಿಗೆ ಹೋಗುತ್ತಿದ್ದವು. ಮುಂದೆ 120 ಮಿಲಿಮೀಟರ್ ಫ್ಯಾನ್ ಕೂರಿಸಿದೆ, ₹450. ತೂತು ಹೊಂದಲಿಲ್ಲ, ಕೇಬಲ್ ಟೈ ಹಾಕಿ ಕಟ್ಟಿದೆ. 39ಕ್ಕೆ ಇಳಿಯಿತು.

ಹೆಡ್ ಪಾರ್ಕಿಂಗ್. ಮೊದಲ ಮೂರು ಡಿಸ್ಕ್‌ಗಳು 8 ಸೆಕೆಂಡ್ ಕೆಲಸ ಇಲ್ಲದಿದ್ದರೆ ಹೆಡ್ಡನ್ನು ಪಕ್ಕಕ್ಕೆ ಇಟ್ಟು ಮಲಗುತ್ತವೆ. ಮನೆಯ ಪಿಸಿಯಲ್ಲಿ ಕರೆಂಟ್ ಉಳಿಸಲು ಇದು ಸರಿ. ಸರ್ವರ್‌ನಲ್ಲಿ ದಿನವಿಡೀ ಮಲಗುವುದು ಏಳುವುದು ನಡೆಯುತ್ತದೆ. ಮೂರು ತಿಂಗಳಿಗೆ ಸ್ಮಾರ್ಟ್ ಪಟ್ಟಿಯ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) 193ನೇ ಸಾಲಿನಲ್ಲಿ, ಅಂದರೆ ಹೆಡ್ ಎಷ್ಟು ಸಲ ಪಾರ್ಕ್ ಆಯಿತು ಎಂಬಲ್ಲಿ, 41,000 ತೋರಿಸಿತು. ಈ ಡಿಸ್ಕಿನ ಡೇಟಾಶೀಟ್‌ನಲ್ಲಿ ಕೊಟ್ಟಿರುವ ಮಿತಿ 3 ಲಕ್ಷ. ಎರಡು ವರ್ಷಕ್ಕೆ ಮುಗಿಯುವ ಲೆಕ್ಕ. ಒಂದು ಸಣ್ಣ ಟೂಲ್‌ನಿಂದ ಆ ಟೈಮರ್ ಆಫ್ ಮಾಡಿದೆ. ಮಾಡಿದ ಮೇಲೆ ರೀಸ್ಟಾರ್ಟ್ ಸಾಲದು, ಪವರ್ ಪೂರ್ತಿ ತೆಗೆದು ಕೊಡಬೇಕು. ನಾನು ರೀಸ್ಟಾರ್ಟ್ ಮಾತ್ರ ಮಾಡಿ ಒಂದು ವಾರ ಕೆಲಸ ಆಗಿದೆ ಅಂದುಕೊಂಡಿದ್ದೆ.

ಈ ಖುಷಿಯಲ್ಲಿ ಎರಡು ಎಕ್ಸ್‌ಟರ್ನಲ್ ಡ್ರೈವ್ ಫಾರ್ಮ್ಯಾಟ್ ಮಾಡಿ ಹೊಸ ಶೂಟಿಂಗ್‌ಗೆ ಬಳಸಲು ಶುರುಮಾಡಿದೆ. ಸರ್ವರ್ ಇದೆಯಲ್ಲ, ಅಲ್ವಾ. ತಪ್ಪು ಎರಡು. ರೇಡ್ ಇದ್ದರೆ ಒಂದು ಡಿಸ್ಕ್ ಹೋದ ದಿನವೂ ಕೆಲಸ ನಿಲ್ಲುವುದಿಲ್ಲ, ಅಷ್ಟೇ. ಇನ್ನೊಂದು ಪ್ರತಿ ಅದರೊಳಗೆ ಇರುವುದಿಲ್ಲ.

4. ಮೇ 14: ಮೊದಲ ಸಲ ಡಿಸ್ಕ್ ಹೊರಬಿದ್ದದ್ದು

ಸಂಜೆ ಗುಡುಗು ಮಿಂಚು. ಎರಡು ಸಲ ಕರೆಂಟ್ ಹೋಗಿ ಬಂತು. ಯುಪಿಎಸ್ ತಡೆಯಿತು. ರಾತ್ರಿ ನೋಡಿದರೆ ರೇಡ್ ಡಿಗ್ರೇಡೆಡ್ (ಒಂದು ಡಿಸ್ಕ್ ಕಡಿಮೆ), ಎರಡನೇ ಡಿಸ್ಕ್ ಪಟ್ಟಿಯಿಂದ ಹೊರಗೆ.

ಮಿಂಚಿನ ಕೆಲಸ ಎಂದು ತೀರ್ಮಾನ ಮಾಡಿಬಿಟ್ಟೆ. ಕೇಬಲ್ ತೆಗೆದು ಹಾಕಿ ಅದೇ ಡಿಸ್ಕನ್ನು ಮತ್ತೆ ಸೇರಿಸಿದೆ. ಯಾವ ಭಾಗ ಬದಲಾಗಿದೆ ಎಂದು ಗುರುತಿಡುವ ಬಿಟ್‌ಮ್ಯಾಪ್ ಇದ್ದದ್ದರಿಂದ ಹತ್ತೇ ನಿಮಿಷದಲ್ಲಿ ಹೊಂದಿಕೊಂಡಿತು. ಚಹಾ ಕುಡಿದು ಮಲಗಿದೆ.

ಮಲಗುವ ಮುಂಚೆ ಸ್ಮಾರ್ಟ್ ಪಟ್ಟಿ ನೋಡಿದ್ದೆ. 197ನೇ ಸಾಲು, ಪೆಂಡಿಂಗ್ ಸೆಕ್ಟರ್ (ಓದಲಾಗದೆ ಉಳಿದ ಸಣ್ಣ ಜಾಗಗಳು): 8. ನೋಟ್‌ಬುಕ್ಕಿನಲ್ಲಿ ಬರೆದೂ ಇಟ್ಟೆ. ಎಂಟೇ ತಾನೇ ಎಂದು ಬಿಟ್ಟೆ. ತಪ್ಪು ಮೂರು, ಎಲ್ಲಕ್ಕಿಂತ ದೊಡ್ಡದು.

ಆ ದಿನ ನಡೆದದ್ದು ಇದು. ಈಗ ಲಾಗ್ ಓದಿದರೆ ಸ್ಪಷ್ಟವಾಗಿದೆ. ಡಿಸ್ಕಿಗೆ 4 ಕೆಬಿಯಷ್ಟು ಒಂದು ಜಾಗ ಓದಲು ಆಗಲಿಲ್ಲ. 512 ಬೈಟಿನ ಲೆಕ್ಕದಲ್ಲಿ ಅದೇ ಎಂಟು ಸೆಕ್ಟರ್. ನ್ಯಾಸ್ ಡಿಸ್ಕ್ ಆಗಿದ್ದರೆ ಸುಮಾರು 7 ಸೆಕೆಂಡ್ ಪ್ರಯತ್ನಿಸಿ ‘ಆಗಲ್ಲ’ ಎಂದು ಹೇಳುತ್ತದೆ. ರೇಡ್ ತಕ್ಷಣ ಮಿಕ್ಕ ಡಿಸ್ಕ್‌ಗಳಿಂದ ಆ ತುಣುಕನ್ನು ಲೆಕ್ಕ ಹಾಕಿ, ಅದೇ ಜಾಗದಲ್ಲಿ ತಿರುಗಿ ಬರೆದು, ಮುಂದೆ ಹೋಗುತ್ತದೆ. ನಮಗೆ ಗೊತ್ತೂ ಆಗುವುದಿಲ್ಲ.

ಸಾದಾ ಡಿಸ್ಕ್ ಹಾಗೆ ಬಿಡುವುದಿಲ್ಲ. ಅದರ ಲೆಕ್ಕದಲ್ಲಿ ತಾನು ಒಬ್ಬಂಟಿ, ಈ ಡೇಟಾ ಇನ್ನೆಲ್ಲೂ ಇಲ್ಲ. ಒಂದು ನಿಮಿಷ, ಎರಡು ನಿಮಿಷ, ಅದಕ್ಕಿಂತ ಜಾಸ್ತಿ ಹೊತ್ತೂ ಅದೇ ಜಾಗವನ್ನು ಓದಲು ಹೆಣಗುತ್ತದೆ. ಆ ಹೊತ್ತಿನಲ್ಲಿ ಯಾರು ಕರೆದರೂ ಓಗೊಡುವುದಿಲ್ಲ. ಲಿನಕ್ಸ್ ಕಾಯುವುದು 30 ಸೆಕೆಂಡ್. ಆಮೇಲೆ ಲಿಂಕ್ ರೀಸೆಟ್ ಮಾಡುತ್ತದೆ. ಆಗಲೂ ಡಿಸ್ಕ್ ಉತ್ತರ ಕೊಡದಿದ್ದರೆ ರೇಡ್ ಅದನ್ನು ಸತ್ತಿದೆ ಎಂದು ಆಚೆ ಹಾಕುತ್ತದೆ. 4 ಕೆಬಿ ಜಾಗಕ್ಕಾಗಿ 4 ಟಿಬಿ ಡಿಸ್ಕ್ ಹೊರಗೆ.

ಆ 7 ಸೆಕೆಂಡಿನ ಮಿತಿಗೆ ಇಆರ್‌ಸಿ ಎಂದು ಹೆಸರು. ಕೆಲವರು ಟಿಎಲ್‌ಇಆರ್ ಎನ್ನುತ್ತಾರೆ. ಕೆಲವು ಸಾದಾ ಡಿಸ್ಕ್‌ಗಳಲ್ಲಿ ಅದು ಇರುತ್ತದೆ, ಆಫ್ ಆಗಿರುತ್ತದೆ. ಸ್ಮಾರ್ಟ್‌ಸಿಟಿಎಲ್ ಎಂಬ ಟೂಲ್‌ನಿಂದ ಆನ್ ಮಾಡಬಹುದು, ಆದರೆ ಪವರ್ ಹೋದರೆ ಮರೆತುಬಿಡುವ ಡಿಸ್ಕ್‌ಗಳೇ ಜಾಸ್ತಿ. ಹಾಗಾಗಿ ಪ್ರತಿ ಬೂಟ್‌ನಲ್ಲೂ ಹಾಕುವ ಸ್ಕ್ರಿಪ್ಟ್ ಬೇಕು. ನನ್ನ ಮೂರು ಡಿಸ್ಕ್‌ಗಳನ್ನು ಕೇಳಿದಾಗ ಆ ಸೌಲಭ್ಯವೇ ಇಲ್ಲ ಎಂದವು. ಅಂಥವಕ್ಕೆ ಇರುವ ದಾರಿ ಒಂದೇ. ಲಿನಕ್ಸ್ ಕಾಯುವ ಹೊತ್ತನ್ನು 30ರಿಂದ 180 ಸೆಕೆಂಡಿಗೆ ಏರಿಸಬೇಕು. ಡಿಸ್ಕ್ ಹೆಣಗಾಡಿ ಮುಗಿಸಿ ಎರರ್ ಕೊಡುವವರೆಗೆ ಕಾಯುತ್ತದೆ. ಸ್ಟುಡಿಯೋದಲ್ಲಿ ಎಲ್ಲ ಎರಡು ಮೂರು ನಿಮಿಷ ನಿಂತಂತೆ ಕಾಣುತ್ತದೆ, ಆದರೆ ಡಿಸ್ಕ್ ಹೊರಬೀಳುವುದಿಲ್ಲ. ಒಂದು ಡಿಸ್ಕಿಗೆ ಒಂದು ಸಾಲಿನ ಸೆಟ್ಟಿಂಗ್. ಖರ್ಚು ಸೊನ್ನೆ. ಫೆಬ್ರವರಿಯಲ್ಲೇ ಹಾಕಿದ್ದರೆ ಮುಂದಿನ ಭಾಗ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

5. ಜೂನ್: ತೇವ

ಮಳೆ ಹಿಡಿದ ಮೇಲೆ ಸ್ಟುಡಿಯೋದ ಹಿಂದಿನ ಗೋಡೆ ಬೆವರುತ್ತದೆ. ಲೆನ್ಸುಗಳನ್ನು ಬಲ್ಬು ಹಾಕಿದ ಪೆಟ್ಟಿಗೆಯಲ್ಲಿ ಇಡುವ ನಾನು ಸರ್ವರನ್ನು ಅದೇ ಗೋಡೆಯ ಬುಡದಲ್ಲಿ ನೆಲದ ಮೇಲೆ ಇಟ್ಟಿದ್ದೆ. ಕೇಸಿನ ಸ್ಕ್ರೂಗಳ ಮೇಲೆ ತುಕ್ಕು ಬಂತು. ಒಂದನೇ ಡಿಸ್ಕಿನ 199ನೇ ಸಾಲು, ಅಂದರೆ ಸಿಆರ್‌ಸಿ ಎರರ್, ದಿನಕ್ಕೆ ಹತ್ತಿಪ್ಪತ್ತು ಏರತೊಡಗಿತು. ಇದು ಡಿಸ್ಕಿನ ಒಳಗಿನ ರೋಗವಲ್ಲ, ಕೇಬಲ್ಲಿನದು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಕೇಬಲ್ ಬದಲಿಸಿ, ಟವರನ್ನು ಗೋಡೆಯಿಂದ ಒಂದಡಿ ದೂರ, ಮೂರಡಿ ಎತ್ತರದ ಮರದ ಸ್ಟ್ಯಾಂಡ್ ಮೇಲೆ ಇಟ್ಟೆ. ಏರುವುದು ನಿಂತಿತು. ಈ ನಂಬರ್ ಇಳಿಯುವುದಿಲ್ಲ, ಹಾಗಾಗಿ ನಿಂತ ಅಂಕಿಯನ್ನು ಬರೆದಿಟ್ಟುಕೊಳ್ಳಬೇಕು. ನನ್ನದು 212.

ಮಳೆಗಾಲದಲ್ಲಿ ಸರ್ವರ್ ಆಫ್ ಮಾಡುವುದನ್ನೂ ಬಿಟ್ಟೆ. ನಡೆಯುತ್ತಿದ್ದರೆ ತನ್ನ ಬಿಸಿಗೆ ತಾನೇ ಒಣಗಿರುತ್ತದೆ.

6. ಜುಲೈ 18ರಿಂದ 22: ಎರಡು ಡಿಸ್ಕ್ ಹೋದದ್ದು

ಆ ವಾರದ ಮಳೆ ಇಲ್ಲಿಯವರಿಗೆ ನೆನಪಿರುತ್ತದೆ. ಎಲ್ಲೋ ಮರ ಬಿದ್ದು ಎರಡು ದಿನ ಕರೆಂಟ್ ಇರಲಿಲ್ಲ. ಯುಪಿಎಸ್ಸಿನ ಬ್ಯಾಟರಿ ಇನ್ವರ್ಟರ್‌ಗಿಂತ ಮೊದಲೇ ಸುಸ್ತಾಗಿತ್ತು. ಇನ್ವರ್ಟರ್ ಮುಗಿದ ಕ್ಷಣ ಸರ್ವರ್ ಧಪ್ಪೆಂದು ಆಫ್. ಯುಪಿಎಸ್‌ನಿಂದ ಸರ್ವರಿಗೆ ಯುಎಸ್‌ಬಿ ವೈರ್ ಹಾಕಿ, ಬ್ಯಾಟರಿ ಇಳಿದಾಗ ತಾನೇ ಶಟ್‌ಡೌನ್ ಆಗುವ ಹಾಗೆ ಮಾಡಬಹುದಿತ್ತು. ಆ ವೈರ್ ಡಬ್ಬದಲ್ಲೇ ಇತ್ತು, ಪ್ಲಾಸ್ಟಿಕ್ ಕೂಡ ಹರಿದಿರಲಿಲ್ಲ. ತಪ್ಪು ನಾಲ್ಕು.

ಕರೆಂಟ್ ಬಂದಾಗ ಮೂರನೇ ಡಿಸ್ಕ್ ಏಳಲಿಲ್ಲ. ಟಕ್ ಟಕ್. ಆ ಸದ್ದು ಕೇಳಿ ಕೈಕಾಲು ತಣ್ಣಗಾಯಿತು.

ಜುಲೈ 20. ಮೈಸೂರಿನಿಂದ ಬಸ್ ಪಾರ್ಸಲ್‌ನಲ್ಲಿ ಹೊಸ 4 ಟಿಬಿ ಡಿಸ್ಕ್ ಬಂತು. ಈ ಸಲ ನ್ಯಾಸ್ ಡಿಸ್ಕ್, ₹11,400. ಸರ್ವರ್ ಆಫ್ ಮಾಡಿ ‘ಮೇಲಿಂದ ಮೂರನೆಯದು’ ತೆಗೆದು ಹೊಸದು ಹಾಕಿದೆ. ಆನ್ ಮಾಡಿದರೆ ರೇಡ್ ಶುರುವೇ ಆಗಲಿಲ್ಲ. ಎರಡು ಡಿಸ್ಕ್ ಇಲ್ಲ ಎನ್ನುತ್ತಿದೆ. ಸಾಫ್ಟ್‌ವೇರಿನ ಮೂರಕ್ಕೂ ನನ್ನ ಮೇಲಿಂದ ಮೂರಕ್ಕೂ ಸಂಬಂಧವೇ ಇರಲಿಲ್ಲ, ನಾನು ಒಳ್ಳೆಯ ಡಿಸ್ಕನ್ನು ತೆಗೆದಿದ್ದೆ. ವಾಪಸ್ ಹಾಕಿದೆ, ಎದ್ದಿತು. ನಡೆಯುತ್ತಿರುವಾಗ ಎಳೆದಿದ್ದರೆ ಕಥೆ ಬೇರೆಯಾಗುತ್ತಿತ್ತು. ಈಗ ಪ್ರತಿ ಡಿಸ್ಕಿನ ಬೆನ್ನಿಗೆ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಬರೆದ ಸ್ಟಿಕ್ಕರ್ ಇದೆ. ಮದುವೆ ಆಲ್ಬಮ್ಮಿಗೆ ಅಂಟಿಸುವ ಬಂಗಾರದ ಬಣ್ಣದ ಸ್ಟಿಕ್ಕರ್, ಕೈಗೆ ಸಿಕ್ಕಿದ್ದು ಅದೇ.

ಜುಲೈ 21, ರಾತ್ರಿ 8. ಸರಿಯಾದ ಡಿಸ್ಕ್ ಬದಲಿಸಿ ರೀಬಿಲ್ಡ್ ಶುರು, ಅಂದರೆ ಮಿಕ್ಕ ಮೂರನ್ನು ಓದಿ ಲೆಕ್ಕ ಹಾಕಿ ಹೊಸದನ್ನು ತುಂಬುವುದು. ಬೆಳಿಗ್ಗೆ 5ಕ್ಕೆ ಮುಗಿಯಬೇಕು. ರಾತ್ರಿ 11ಕ್ಕೆ ನೋಡಿದಾಗ 33 ಪರ್ಸೆಂಟ್, ಮಲಗಿದೆ.

11ಕ್ಕೆ ಎಡಿಟಿಂಗ್ ಪಿಸಿ ದಿನದ ಪ್ರಾಜೆಕ್ಟನ್ನು ಸರ್ವರಿಗೆ ತಾನೇ ಕಾಪಿ ಮಾಡುವ ಹಾಗೆ ನಾನೇ ಸೆಟ್ ಮಾಡಿದ್ದೆ. ಮರೆತಿದ್ದೆ. ಕಾಪಿ ಶುರುವಾಯಿತು, ನಾಲ್ಕನೇ ಎಸ್‌ಎಂಆರ್ ಡಿಸ್ಕ್ ಕುಂಟಿತು, ಬೇರೆ ಕೆಲಸ ಇದ್ದಾಗ ರೀಬಿಲ್ಡ್ ದಾರಿ ಬಿಟ್ಟುಕೊಡುವುದರಿಂದ ಅದರ ವೇಗ 30 ಎಂಬಿಗೆ ಬಿತ್ತು.

ಬೆಳಿಗ್ಗೆ 9:30. 61 ಪರ್ಸೆಂಟ್. ಅಸಿಸ್ಟೆಂಟ್ ಹುಡುಗ ಫೋನ್ ಮಾಡಿದ: ‘ಅಣ್ಣಾ, ಫೋಲ್ಡರ್ ಎಲ್ಲ ಖಾಲಿ ತೋರಿಸ್ತಾ ಉಂಟು.’

ಮೇ ತಿಂಗಳ ಆ ಎಂಟು ಸೆಕ್ಟರ್. ಈಗ ಎಂಟಲ್ಲ, 48. ರೀಬಿಲ್ಡ್ ಪ್ರತಿ ಡಿಸ್ಕನ್ನೂ ತುದಿಯಿಂದ ತುದಿಗೆ ಓದುತ್ತದೆ. ಯಾರೂ ತೆರೆಯದ ಹಳೆಯ ಮೂಲೆಯನ್ನೂ ಬಿಡುವುದಿಲ್ಲ. ಎರಡನೇ ಡಿಸ್ಕ್ ಆ ಮೂಲೆಯಲ್ಲಿ ಹೆಣಗಾಡಿತು, 30 ಸೆಕೆಂಡ್ ಕಳೆಯಿತು, ಆಚೆ ಬಿತ್ತು. ಮೂರನೆಯದು ಅರ್ಧಂಬರ್ಧ, ಎರಡನೆಯದು ಹೊರಗೆ. ರೇಡ್ 5 ಮುಗಿಯಿತು.

7. ಜುಲೈ 22ರಿಂದ 28: ಎತ್ತಿದ್ದು

ಮೊದಲ ಒಂದು ಗಂಟೆ ಏನೂ ಮಾಡಲಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತೇನೆ. ಪರಿಚಯದವರೊಬ್ಬರು ಫೋನಿನಲ್ಲಿ ‘ರೇಡನ್ನು ಹೊಸದಾಗಿ ಕ್ರಿಯೇಟ್ ಮಾಡು, ಡೇಟಾ ಹಾಗೇ ಇರುತ್ತೆ’ ಎಂದರು. ಕಮಾಂಡ್ ಅರ್ಧ ಟೈಪ್ ಮಾಡಿಯೂ ಇದ್ದೆ. ಡಿಸ್ಕಿನ ಕ್ರಮ ಒಂದು ತಪ್ಪಿದರೂ, ಚಂಕ್ ಸೈಜು (ಡೇಟಾ ಹಂಚುವ ತುಂಡಿನ ಅಳತೆ) ಒಂದು ತಪ್ಪಿದರೂ ಪ್ಯಾರಿಟಿ ಎಲ್ಲವನ್ನೂ ತಿದ್ದಿ ಬರೆದುಬಿಡುತ್ತದೆ. ಅಳಿಸಿ, ಪವರ್ ಆಫ್ ಮಾಡಿದೆ.

ಇನ್ನೂ ಎರಡು ನ್ಯಾಸ್ ಡಿಸ್ಕ್ ತರಿಸಿದೆ. ಎರಡನೇ ಡಿಸ್ಕನ್ನು ತೆಗೆದು ಎಡಿಟಿಂಗ್ ಪಿಸಿಗೆ ಹಾಕಿ, ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಡಿ-ರೆಸ್ಕ್ಯೂನಿಂದ ಹೊಸ ಡಿಸ್ಕಿಗೆ ಪೂರ್ತಿ ನಕಲು ಶುರುಮಾಡಿದೆ. ಈ ಟೂಲ್ ಮೊದಲು ಸಲೀಸಾಗಿ ಓದುವುದನ್ನೆಲ್ಲ ತೆಗೆದುಕೊಂಡು, ಕಷ್ಟದ ಜಾಗಗಳನ್ನು ಕೊನೆಗೆ ಬಿಡುತ್ತದೆ. ಮ್ಯಾಪ್ ಫೈಲ್ ಕೊಟ್ಟಿದ್ದರೆ ನಡುವೆ ಕರೆಂಟ್ ಹೋದರೂ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಎರಡು ಸಲ ಹೋಯಿತು. 14 ಗಂಟೆ ಹಿಡಿಯಿತು. ಮೂರು ಸಲ ಮರುಪ್ರಯತ್ನದ ಮೇಲೂ ಓದಲಾಗದೆ ಉಳಿದದ್ದು 24 ಕೆಬಿ. 4 ಟಿಬಿಯಲ್ಲಿ 24 ಕೆಬಿ! ಅಷ್ಟಕ್ಕೆ ಇಡೀ ಸರ್ವರ್ ಮಲಗಿತ್ತು.

ಒಂದು ಎಚ್ಚರಿಕೆ. ನಕಲು ಮಾಡಿದ ಮೇಲೆ ಮೂಲ ಡಿಸ್ಕ್ ಮತ್ತು ನಕಲು ಎರಡನ್ನೂ ಒಟ್ಟಿಗೆ ಸರ್ವರಿಗೆ ಸಿಕ್ಕಿಸಬೇಡಿ. ಎರಡಕ್ಕೂ ಒಂದೇ ಗುರುತು ಇರುತ್ತದೆ.

ಒಂದು, ಎರಡರ ನಕಲು, ನಾಲ್ಕು. ಈ ಮೂರನ್ನು ಹಾಕಿ ನೋಡಿದೆ. ಪ್ರತಿ ಡಿಸ್ಕಿನಲ್ಲೂ ರೇಡಿನ ಬದಲಾವಣೆಗಳನ್ನು ಎಣಿಸುವ ಈವೆಂಟ್ ಎಂಬ ಲೆಕ್ಕ ಇರುತ್ತದೆ. ಒಂದು ಮತ್ತು ನಾಲ್ಕರದ್ದು ಸಮ, ಎರಡರದ್ದು 7 ಹಿಂದೆ. ಇಷ್ಟು ಹತ್ತಿರ ಇದ್ದರೆ ಬಲವಂತದ ಅಸೆಂಬಲ್ (ಡಿಸ್ಕ್‌ಗಳನ್ನು ಮತ್ತೆ ರೇಡ್ ಆಗಿ ಜೋಡಿಸುವುದು) ಕೆಲಸ ಮಾಡುತ್ತದೆ. ಸಾವಿರಗಟ್ಟಲೆ ಹಿಂದೆ ಇದ್ದಿದ್ದರೆ ನಾನು ಮುಟ್ಟುತ್ತಿರಲಿಲ್ಲ. ರೇಡ್ ಮೂರು ಕಾಲಿನ ಮೇಲೆ ಎದ್ದಿತು. ರೀಡ್-ಓನ್ಲಿಯಾಗಿ ಮೌಂಟ್ ಮಾಡಿದೆ. ಫೋಲ್ಡರ್‌ಗಳು ಬಂದವು. ಹುಡುಗನಿಗೆ ಫೋನ್ ಮಾಡಿ ಹೇಳುವಾಗ ನನ್ನ ಗಂಟಲು ಸ್ವಲ್ಪ ಹಿಡಿದಿತ್ತು.

ರೀಬಿಲ್ಡಿಗೆ ಕೈ ಹಾಕುವ ಮುಂಚೆ, ಬೇರೆಲ್ಲೂ ಪ್ರತಿ ಇಲ್ಲದ ಏಪ್ರಿಲ್‌ನಿಂದ ಜುಲೈವರೆಗಿನ 1.6 ಟಿಬಿಯನ್ನು ಎರಡು ಎಕ್ಸ್‌ಟರ್ನಲ್ ಡ್ರೈವ್‌ಗೆ ಇಳಿಸಿದೆ. ಒಂದು ನನ್ನದು, ಒಂದು ವಿರಾಜಪೇಟೆಯ ಸ್ನೇಹಿತನದು. ಆಮೇಲೆ ಟೈಮ್‌ಔಟ್ 180. ರಾತ್ರಿಯ ಆಟೋ ಕಾಪಿ ಬಂದ್. ಆಮೇಲೆ ರೀಬಿಲ್ಡ್. 8 ಗಂಟೆ 40 ನಿಮಿಷ. ಯಾರೂ ಮುಟ್ಟಲಿಲ್ಲ.

24 ಕೆಬಿ ಎಲ್ಲಿ ಹೋಯಿತು? ಎಫ್‌ಎಫ್‌ಎಂಪೆಗ್ ಎಂಬ ವೀಡಿಯೊ ಟೂಲ್‌ನಲ್ಲಿ ಎಲ್ಲ ವೀಡಿಯೊಗಳನ್ನೂ ಸುಮ್ನೆ ಡಿಕೋಡ್ ಮಾಡಿಸಿ ಎರರ್ ಇರುವುದನ್ನು ಹೆಕ್ಕಿದೆ. ಎರಡೂವರೆ ದಿನ ಓಡಿತು. ಮೂರು ಫೈಲ್ ಸಿಕ್ಕವು. ಎರಡು ಬಿಸಾಡಬಹುದಾದ ಡ್ರೋನ್ ಕ್ಲಿಪ್. ಮೂರನೆಯದು ಒಂದು ಕೊಡವ ಮದುವೆಯ ಗಂಗಾಪೂಜೆ. ವಾಲಗಕ್ಕೆ ನೆಂಟರು ಕುಣಿಯುತ್ತಾ ಮದುಮಗಳ ದಾರಿ ತಡೆಯುವ ಜಾಗದಲ್ಲಿ ಅರ್ಧ ಸೆಕೆಂಡ್ ಹಸಿರು ಚೌಕಗಳು. ಆ ಕುಣಿತದ್ದು ನನ್ನ ಹತ್ತಿರ ಎರಡು ಗಂಟೆಯ ಶೂಟ್ ಇದೆ. ಅರ್ಧ ಸೆಕೆಂಡ್ ಕತ್ತರಿಸಿದ್ದು ಮದುಮಗನಿಗೂ ಗೊತ್ತಾಗುವುದಿಲ್ಲ.

8. ಆಗಸ್ಟ್ 3: ನಾಲ್ಕನೇ ಡಿಸ್ಕಿಗೆ ನಿವೃತ್ತಿ

ಕೊಡವರ ಕಕ್ಕಡ ತಿಂಗಳ 18ನೇ ದಿನ. ಪಕ್ಕದ ಮನೆಯ ಅಕ್ಕ ಮದ್ದುಸೊಪ್ಪಿನ ಪಾಯಸ ಕಳಿಸಿದ್ದರು. ಮದುವೆ ಇಲ್ಲದ ತಿಂಗಳು, ಕೆಲಸಕ್ಕೆ ಒಳ್ಳೆಯ ಸಮಯ.

ಎರಡು ಪೋರ್ಟಿನ ಪಿಸಿಐ ಎಕ್ಸ್‌ಪ್ರೆಸ್ ಸಾಟಾ ಕಾರ್ಡ್ ಹಾಕಿದೆ, ₹950. ಐದನೇ ಪೋರ್ಟ್ ಸಿಕ್ಕಿದ್ದರಿಂದ ಎಸ್‌ಎಂಆರ್ ಡಿಸ್ಕನ್ನು ಎಳೆದು ಹಾಕಬೇಕಾಗಲಿಲ್ಲ. ಎಂಡಿ-ಆಡಮ್‌ನಲ್ಲಿ ರಿಪ್ಲೇಸ್ ಎಂಬ ಆಯ್ಕೆ ಇದೆ. ಹಳೆಯ ಡಿಸ್ಕ್ ಒಳಗಿದ್ದಂತೆಯೇ ಹೊಸದಕ್ಕೆ ನಕಲಾಗುತ್ತದೆ, ಮುಗಿದ ಮೇಲೆ ಹಳೆಯದು ಹೊರಗೆ. ನಡುವೆ ಒಂದು ಕ್ಷಣವೂ ಡಿಗ್ರೇಡೆಡ್ ಆಗುವುದಿಲ್ಲ. 8 ಗಂಟೆ 50 ನಿಮಿಷ. ಪೋರ್ಟ್ ಖಾಲಿ ಇದ್ದರೆ ಯಾವಾಗಲೂ ಹೀಗೇ ಮಾಡಿ.

ಮರುದಿನ 400 ಜಿಬಿ ಕಾಪಿ ಮಾಡಿ ನೋಡಿದೆ. ಮೊದಲಿಂದ ಕೊನೆಯವರೆಗೂ 108 ಎಂಬಿ. ಆರು ತಿಂಗಳಿಂದ ಹೀಗೆ ಇರಬೇಕಿತ್ತು.

ಎಸ್‌ಎಂಆರ್ ಡಿಸ್ಕ್ ಕೆಟ್ಟಿಲ್ಲ, ಬಿಸಾಡಿಲ್ಲ. ಯುಎಸ್‌ಬಿ ಡಾಕ್‌ನಲ್ಲಿ ತಿಂಗಳಿಗೊಮ್ಮೆ ಬ್ಯಾಕಪ್ ತೆಗೆಯಲು ಇಟ್ಟಿದ್ದೇನೆ. ಒಂದೇ ಸಾಲಿಗೆ ಬರೆದು ಮೂಲೆಗಿಡುವ ಕೆಲಸ ಅದಕ್ಕೆ ಹೇಳಿ ಮಾಡಿಸಿದ್ದು.

9. ಲೆಕ್ಕ

ಎರಡನೇ ಸುತ್ತಿನ ಖರ್ಚು: ಮೂರು ನ್ಯಾಸ್ ಡಿಸ್ಕ್ ₹34,200, ಸಾಟಾ ಕಾರ್ಡ್ ₹950, ಫ್ಯಾನ್ ₹450, ಯುಪಿಎಸ್ ಬ್ಯಾಟರಿ ₹1,100, ಬಸ್ ಪಾರ್ಸಲ್ ₹350. ಒಟ್ಟು ₹37,050. ಮೊದಲಿನದೂ ಸೇರಿ ₹82,200. ರೆಡಿಮೇಡ್ ಬಾಕ್ಸಿಗೆ ಜಾಸ್ತಿ ಆಯಿತು ಎಂದು ಬಿಟ್ಟ ದುಡ್ಡು ಅಷ್ಟೇ ಇತ್ತು. ನಾಲ್ಕೂ ನ್ಯಾಸ್ ಡಿಸ್ಕನ್ನೇ ಮೊದಲೇ ತಂದಿದ್ದರೆ ಜಾಸ್ತಿ ಆಗುತ್ತಿದ್ದದ್ದು ಬರೀ ₹12,800.

ಹಾಗಂತ ಸಾದಾ ಡಿಸ್ಕ್ ಬೇಡವೇ ಬೇಡ ಎಂದು ನಾನು ಹೇಳಲಾರೆ. ಒಂದನೇ ಡಿಸ್ಕ್ ಸಾದಾ, ಇವತ್ತಿಗೂ ಒಂದು ಕೆಟ್ಟ ಸೆಕ್ಟರ್ ಇಲ್ಲ. ಡೇಟಾಶೀಟ್ ಓದಿದರೆ ಭಯ ಆಗುತ್ತದೆ. ಕೆಲವು ಸಾದಾ ಡಿಸ್ಕ್‌ಗಳಿಗೆ ವರ್ಷಕ್ಕೆ 2,400 ಗಂಟೆ, 55 ಟಿಬಿ ಕೆಲಸ ಎಂದು ಬರೆದಿರುತ್ತದೆ. ವರ್ಷಕ್ಕೆ ಇರುವುದು 8,760 ಗಂಟೆ, ನನ್ನ ಸರ್ವರ್ ಅಷ್ಟೂ ನಡೆಯುತ್ತದೆ. ಆದರೂ ಎಸ್‌ಎಂಆರ್ ಅಲ್ಲದ್ದು ನೋಡಿ, ಟೈಮ್‌ಔಟ್ ಸರಿ ಮಾಡಿ, ತಿಂಗಳಿಗೊಮ್ಮೆ ಪೂರ್ತಿ ಓದಿಸಿ, ಪೆಂಡಿಂಗ್ ಸೆಕ್ಟರ್ ಒಂದು ಕಂಡರೂ ಎದ್ದು ಕೂತರೆ ನಡೆಯುತ್ತದೆ. ನಾನು ಈ ನಾಲ್ಕರಲ್ಲಿ ಒಂದನ್ನೂ ಮಾಡಿರಲಿಲ್ಲ. ಈಗ ಪ್ರತಿ ತಿಂಗಳ ಮೊದಲ ಭಾನುವಾರ ರಾತ್ರಿ ಡಿಸ್ಕ್‌ಗಳನ್ನು ಪೂರ್ತಿ ಓದಿ ಪ್ಯಾರಿಟಿ ತಾಳೆ ನೋಡುವ ಚೆಕ್ ಓಡುತ್ತದೆ. ಆಗಸ್ಟ್‌ನದ್ದು ಮುಗಿದಾಗ ಮಿಸ್‌ಮ್ಯಾಚ್ ಸೊನ್ನೆ.

10. ಬಾಕಿ

ಸತ್ತ ಮೂರನೇ ಡಿಸ್ಕ್ ವಾರಂಟಿಗೆ ಹೋಗಿತ್ತು. ಮೂರು ವಾರದ ಮೇಲೆ ಬದಲಿ ಬಂದಿದೆ, ಮೇಲೆ ರಿಫರ್ಬಿಶ್ಡ್ ಎಂದು ಅಂಟಿಸಿದ್ದಾರೆ. ರೇಡ್‌ಗೆ ಹಾಕುವುದಿಲ್ಲ, ಸ್ನೇಹಿತನ ಡ್ರೈವ್ ವಾಪಸ್ ಕೊಟ್ಟು ಅದರ ಬದಲು ಇದನ್ನು ಇಟ್ಟುಕೊಳ್ಳುತ್ತೇನೆ.

ಯುಪಿಎಸ್ಸಿನ ಯುಎಸ್‌ಬಿ ವೈರ್ ಹಾಕಿದ್ದೇನೆ. ಪ್ಲಗ್ ಎಳೆದು ಪರೀಕ್ಷೆ ಮಾಡಿದೆ. ಬ್ಯಾಟರಿ 40 ಪರ್ಸೆಂಟ್‌ಗೆ ಇಳಿದಾಗ ತಾನೇ ಶಟ್‌ಡೌನ್ ಆಯಿತು.

ರೇಡ್ 6ಕ್ಕೆ ಹೋಗಬೇಕು. ಎರಡು ಡಿಸ್ಕ್ ಹೋದರೂ ತಡೆಯುತ್ತದೆ. ನಾಲ್ಕೇ ಡಿಸ್ಕಿನಲ್ಲಿ ಮಾಡಿದರೆ ಜಾಗ 8 ಟಿಬಿಗೆ ಇಳಿಯುತ್ತದೆ, ನನ್ನ ಡೇಟಾ ಈಗಲೇ 7.8. ಐದನೇ ಡಿಸ್ಕ್ ಹಾಕಿ ಬೆಳೆಸಿದರೆ ಅದೇ 12 ಉಳಿಯುತ್ತದೆ. ಕಾರ್ಡಿನಲ್ಲಿ ಪೋರ್ಟ್ ಇದೆ. ಹಳೆಯ ಡಿವಿಡಿ ಡ್ರೈವ್ ಇದ್ದ ಜಾಗಕ್ಕೆ ಡಿಸ್ಕ್ ಕೂರಿಸುವ ಬ್ರಾಕೆಟ್ ಬೇಕು, ಊರಿನ ವೆಲ್ಡಿಂಗ್ ಅಂಗಡಿಯವರು ತಗಡಿನಲ್ಲಿ ಮಾಡಿಕೊಡುತ್ತೇನೆ ಎಂದಿದ್ದಾರೆ. ಡಿಸ್ಕ್ ಮಾತ್ರ ಕೈಲ್ ಮುಹೂರ್ತ ಹಬ್ಬ ಕಳೆದ ಮೇಲೆ. ಸೀರಿಯಲ್ ನಂಬರ್ ಬರೆಯಲು ಬಂಗಾರದ ಸ್ಟಿಕ್ಕರ್ ಒಂದು ತೆಗೆದಿಟ್ಟಿದ್ದೇನೆ.